ಮುಗಿಯದ ರಾಜಸ್ತುತಿ

"ಗುರುಗಳೇ, ಮತ್ತೆ ಮೊದಲಿಗೆ ಹೋಗಬೇಕೆಂಬ ಗುರುತು ಹಾಕಿದ್ದೇನೆ. ಎಲ್ಲಿ ಮುಗಿಸಬೇಕೆಂಬ ಗುರುತನ್ನೂ ಹಾಕಲೇಬೇಕೆ?" ಎಂದು ಶಿಷ್ಯ ಕೇಳಿದ.

ಅವನು ಕಂಪ್ಯೂಟರಿನಲ್ಲಿ ಸ್ವರಲಿಪಿ ಬರೆದು, ಅದರಿಂದಲೇ ನುಡಿಸಿ ನೋಡುತ್ತಿದ್ದ. ಅದು ಕೊನೆಯ ಸಾಲಿಗೆ ಬರುವುದು, ಮತ್ತೆ ಮೊದಲಿಗೆ ಹಾರುವುದು, ಹೀಗೆ ಗಾಣದೆತ್ತಿನಂತೆ ಸುತ್ತುತ್ತಲೇ ಇತ್ತು. ಶಿಷ್ಯನಿಗೆ ನಗು ಬಂತು.

"ಯಂತ್ರಕ್ಕೆ ಬುದ್ಧಿಯಿಲ್ಲ, ಬಿಡಿ. ನಾಳೆ ನುಡಿಸುವವರು ಮನುಷ್ಯರು. ಎಲ್ಲಿ ನಿಲ್ಲಿಸಬೇಕೆಂದು ಅವರಿಗೆ ತಿಳಿಯದೆ?"

ಗುರು ಮೊದಲು ಯಂತ್ರದ ಬಾಯಿ ಮುಚ್ಚಿಸಿದರು. ಆಮೇಲೆ ಕತೆ ಹೇಳಿದರು.

ಒಬ್ಬ ಅರಸನ ಅರಮನೆಯಲ್ಲಿ ಒಂದು ಬ್ಯಾಂಡು ಇತ್ತು. ಬ್ಯಾಂಡ್ ಮಾಸ್ತರ ಕೈ ಎತ್ತಿದರೆ ನುಡಿಸಬೇಕು, ಇಳಿಸಿದರೆ ನಿಲ್ಲಿಸಬೇಕು. ಅವನ ತಂದೆಯೇ ಅಲ್ಲಿ ಕಹಳೆ ಊದುವವನು. ಮುದುಕನಿಗೆ ಉಬ್ಬಸ. ಇನ್ನು ಸಾಕು ಎಂದು ಮಗ ಹೇಳಿದರೆ, "ನೀನು ಕೈ ಎತ್ತಿದ ಮೇಲೆ ನಾನು ಊದದೆ ಇರುವುದುಂಟೆ?" ಎನ್ನುತ್ತಿದ್ದ. ಆ ಮಾತಿಗೆ ಮಗ ಉಬ್ಬಿಹೋಗುತ್ತಿದ್ದ.

ದರ್ಬಾರಿಗೆಂದು ಮಾಸ್ತರ ಒಂದು ಹೊಸ ರಾಜಸ್ತುತಿ ಕಟ್ಟಿದ. ಎಲ್ಲರಿಗೂ ಹಾಳೆ ಬರೆದುಕೊಟ್ಟ. ಕೊನೆಯಲ್ಲಿ 'ಮತ್ತೆ ಮೊದಲಿಗೆ' ಎಂದು ಬರೆದ. ಎರಡನೆಯ ಸಲ ಎಲ್ಲಿ ಮುಗಿಸಬೇಕೆಂದು ಬರೆಯಲಿಲ್ಲ. ನಮ್ಮವರೇ ತಾನೆ, ತಿಳಿದುಕೊಳ್ಳುತ್ತಾರೆ ಎಂದುಕೊಂಡ.

ಅರಮನೆಗೆ ಎರಡು ಕಟ್ಟಳೆಗಳಿದ್ದವು. ಸ್ತುತಿ ಮುಗಿಯುವ ತನಕ ಅರಸ ಕೂರಬಾರದು. ಅರಸ ನಿಂತಿರುವ ತನಕ ಬ್ಯಾಂಡು ನಿಲ್ಲಬಾರದು. ಹಳೆಯ ಸ್ತುತಿಯ ಕೊನೆ ಎಲ್ಲರಿಗೂ ಗೊತ್ತಿದ್ದು, ಎರಡೂ ಒಂದೇ ಕ್ಷಣಕ್ಕೆ ಆಗುತ್ತಿದ್ದುದರಿಂದ ಯಾರಿಗೂ ತೊಡಕಾಗಿರಲಿಲ್ಲ.

ಆ ದಿನ ಅರಸ ಎದ್ದುನಿಂತ. ಸಭೆಯೂ ಎದ್ದಿತು. ಹಾಳೆ ಮುಗಿಯಿತು, ಮೊದಲಿಗೆ ಹೋದರು. ಮತ್ತೆ ಮುಗಿಯಿತು, ಮತ್ತೆ ಹೋದರು. ನುಡಿಸುವವರು ಮಾಸ್ತರನ ಕೈ ನೋಡಿದರು. ಮಾಸ್ತರ ಅರಸನ ಕಾಲು ನೋಡಿದ. ಕಾಲು ನಡುಗುತ್ತಿತ್ತು, ಆದರೆ ಅರಸ ಕೂರಲಿಲ್ಲ. ತಂದೆಯ ಮುಖ ಕಪ್ಪಿಟ್ಟಿದ್ದು ಮಾಸ್ತರನಿಗೆ ಕಾಣಿಸಿತು. ಈ ಸುತ್ತಿನಲ್ಲಿ ಮುಗಿಯುತ್ತದೆ, ಅರಸ ಇನ್ನೇನು ಕೂರುತ್ತಾನೆ ಎಂದುಕೊಂಡ. ಕೈ ಮೇಲೆಯೇ ಇತ್ತು.

ಕಹಳೆ ನೆಲಕ್ಕೆ ಬಿತ್ತು. ಹಿಂದೆಯೇ ಮುದುಕನೂ ಬಿದ್ದ.

ಬ್ಯಾಂಡು ತಾನಾಗಿ ನಿಂತಿತು. ಮಾಸ್ತರ ಓಡಿಬಂದು ತಂದೆಯ ತಲೆಯನ್ನು ಮಡಿಲಿಗೆ ತೆಗೆದುಕೊಂಡ. ಉಸಿರಿರಲಿಲ್ಲ. ಅರಸ ತಾನೇ ಇಳಿದುಬಂದ. ಅವನ ಮುಖದಲ್ಲಿ ರಕ್ತವಿರಲಿಲ್ಲ.

"ನಿನ್ನ ತಂದೆಗೆ ಉಸಿರು ಸಿಕ್ಕಿಕೊಳ್ಳುತ್ತಿದ್ದುದು ನನಗೂ ಕಾಣುತ್ತಿತ್ತಲ್ಲಯ್ಯಾ! ನೀನು ನಿಲ್ಲಿಸುತ್ತೀಯೆಂದು ಕಾದೆ."

"ಮಹಾಸ್ವಾಮಿ, ತಾವು ಕೂರುತ್ತೀರೆಂದು ನಾನು ಕಾದೆ."

ಇಬ್ಬರೂ ಒಬ್ಬರನ್ನೊಬ್ಬರು ನೋಡಿ ದಂಗಾದರು. ಆಗ ಮಾಸ್ತರನಿಗೆ ತನ್ನ ಮೈಯೇ ತನಗೆ ಹೇಸಿಕೆಯಾಯಿತು. ಎಡಗೈ ತಂದೆಯ ತಲೆಯ ಕೆಳಗಿತ್ತು. ಬಲಗೈ ಇನ್ನೂ ಮೇಲೆಯೇ ಇತ್ತು.

ಗುರು ಕತೆ ನಿಲ್ಲಿಸಿದರು. ಶಿಷ್ಯ ಬೆಚ್ಚಿಬಿದ್ದಿದ್ದ. "ಅಯ್ಯೋ, ಒಂದು ಗುರುತಿಲ್ಲದ್ದಕ್ಕೆ ಒಂದು ಜೀವ ಹೋಯಿತೆ!" ಎನ್ನುತ್ತಾ ಅವಸರದಿಂದ ಕಂಪ್ಯೂಟರಿನ ಕಡೆಗೆ ತಿರುಗಿದ.

"ಗುರುತು ಹಾಕು, ಮಗು, ಆದರೆ ನಿಲ್ಲಿಸಬೇಕೆಂದು ಆ ದಿನ ಅಲ್ಲಿದ್ದ ಮನುಷ್ಯರಿಗೆಲ್ಲ ತಿಳಿದಿತ್ತು," ಎಂದರು ಗುರು.