ಒಣ ಕುಣಿ ಹುಡುಕಿದ ಮಾಳಿಂಗಪ್ಪ

ಬಹಳ ಹಿಂದೆ, ನಿಮ್ಮಜ್ಜನ ಅಜ್ಜನಿಗೂ ಹಾಲುಹಲ್ಲು ಬಂದಿರದ ಕಾಲದಲ್ಲಿ, ನಮ್ಮ ಇದೇ ಊರಲ್ಲಿ ಮಾಳಿಂಗಪ್ಪ ಎಂಬುವನಿದ್ದನಂತೆ. ಕಂಬಳಿ ನೇಯುವವ. ಊರಿಗೇ ಎತ್ತರದ ಆಳು. ಬಾಗಿಲು ದಾಟುವಾಗೆಲ್ಲ ಹಣೆ ಬಡಿಸಿಕೊಂಡು ಬಾಗಿಲಿಗೇ ಬೈಯುತ್ತಿದ್ದನಂತೆ. ನಗಬೇಡಿ, ಕೇಳಿ.

ಆಗ ಊರಲ್ಲೊಂದು ಪದ್ಧತಿ ಇತ್ತು. ಅರವತ್ತು ತುಂಬಿದ ಗಂಡಸು ತನ್ನ ಕುಣಿಯನ್ನು, ಅಂದರೆ ತನ್ನನ್ನು ಹೂಳುವ ಗುಂಡಿಯನ್ನು, ತನ್ನ ಹೊಲದಲ್ಲಿ ತಾನೇ ತೋಡಿಡಬೇಕು. ಆಳ ಅವನವನ ಎದೆಮಟ್ಟ. ಕುಣಿ ತೋಡಿದವನಿಗೆ ಆಮೇಲೆ ಕೆಲಸವಿಲ್ಲ. ಬೇವಿನ ಕಟ್ಟೆಯ ಮೇಲೆ ಜಾಗ, ಹೊತ್ತು ಹೊತ್ತಿಗೆ ಬಿಸಿ ರೊಟ್ಟಿ, ಕೇಳಿದಾಗ ಎಲೆ-ಅಡಿಕೆ. ಸಾಯುವ ತನಕ ಕೂತುಕೊಂಡು ಹೋಗುವವರು ಬರುವವರ ತಪ್ಪು ಎಣಿಸುವುದು, ಅಷ್ಟೇ. ಮಾಳಿಂಗಪ್ಪನಿಗೆ ಐವತ್ತಾದಾಗಿನಿಂದಲೂ ಆ ಕಟ್ಟೆಯ ಮೇಲೇ ಕಣ್ಣು.

ಕಟ್ಟೆಯ ಮುದುಕರು ಒಂದು ಮಾತು ಯಾರಿಗೂ ಹೇಳಿರಲಿಲ್ಲ. ಅವರೆಲ್ಲ ಮೊಳಕಾಲುದ್ದ ತೋಡಿ, ಅದರೊಳಗೆ ಕುಕ್ಕರಗಾಲಲ್ಲಿ ಕೂತು, ನೋಡಿ ಎದೆಮಟ್ಟ ಆಯಿತು ಅಂದವರು. ಮಾಳಿಂಗಪ್ಪ ನೇಕಾರ, ಒಂದೆಳೆ ತಪ್ಪಿದರೂ ಬಿಚ್ಚಿ ಮತ್ತೆ ನೇಯುವವ. ಅವನು ನೆಟ್ಟಗೆ ನಿಂತೇ ಅಳೆದ. ಹುಟ್ಟಿದಂದಿನಿಂದ ಗುದ್ದಲಿ ಹಿಡಿಯದ ಕೈ, ಐದು ದಿನ ತೋಡಿತು. ಅಂಗೈ ತುಂಬ ಬೊಕ್ಕೆ. ಇನ್ನೇನು ಎದೆಗೆ ನಾಲ್ಕು ಬೆರಳಿದೆ ಅನ್ನುವಾಗ ಬುಳುಬುಳು ಅಂತ ನೀರು ಬಂತು.

ಈ ಊರ ನೆಲದಲ್ಲಿ ನೀರಿಲ್ಲ ಎಂದು ಹಿರಿಯರು ಎಂದೋ ತೀರ್ಮಾನ ಮಾಡಿದ್ದರು. ಮಾಡಿದ್ದು ಕಟ್ಟೆಯ ಮೇಲೆ ಕೂತು. ಅವರ ಮಾತು ನಂಬಿ ಹೆಂಗಸರು ಮೂರು ತಲೆಮಾರಿನಿಂದ ಗುಡ್ಡ ಇಳಿದು ಹಳ್ಳದ ನೀರು ಹೊರುತ್ತಿದ್ದರು. ಮಾಳಿಂಗಪ್ಪನ ಹೆಂಡತಿ ಲಗಮವ್ವ ಬಂದು ಗುಂಡಿಯೊಳಗೆ ಬಗ್ಗಿ ನೋಡಿದಳಂತೆ.

"ಮದಿವ್ಯಾಗಿ ನಲವತ್ತು ವರ್ಷ ಆತು, ಮನಿಗೆ ಒಂದು ಕೊಡ ನೀರು ತಂದವರಲ್ಲ ನೀವು. ಸಾಯೂ ಹೊತ್ತಿಗಾದ್ರೂ ತಂದ್ರಿ ನೋಡ್ರಿ" ಅಂದು, ಅಲ್ಲೇ ಸೀರೆ ಒಗೆದು ಹೋದಳಂತೆ.

ಕಟ್ಟೆಯ ಹಿರಿಯ ಈರಗೊಂಡಜ್ಜ ಬಂದು ನೋಡಿ, ಇದು ಕುಣಿಯಲ್ಲ, ಒಣಗಿದ್ದರೆ ಮಾತ್ರ ಲೆಕ್ಕ ಎಂದ. ಮಾಳಿಂಗಪ್ಪ ಹೊಲದ ಇನ್ನೊಂದು ಮೂಲೆಗೆ ಹೋದ. ಅಲ್ಲೂ ನೀರು. ಬದುವಿನ ಹತ್ತಿರ, ಅಲ್ಲೂ ನೀರು. ಏಳು ಕಡೆ ತೋಡಿದ ಅನ್ನುತ್ತಾರೆ. ಇಪ್ಪತ್ತೊಂದು ಅನ್ನುವವರೂ ಇದ್ದಾರೆ. ನಮ್ಮಮ್ಮ ಮಾತ್ರ ಹನ್ನೊಂದು ಅನ್ನುತ್ತಿದ್ದಳು, ನಾನೂ ಹನ್ನೊಂದೇ ಅನ್ನುತ್ತೇನೆ. ಊರ ಹೆಂಗಸರು ಹಳ್ಳಕ್ಕೆ ಹೋಗುವುದನ್ನೇ ಬಿಟ್ಟರು. ಮಾಳಿಂಗಪ್ಪ ಮಾತ್ರ ಬದುವಿನ ಮೇಲೆ ಕೂತು, ನೆಮ್ಮದಿಯಾಗಿ ಸಾಯುವುದಕ್ಕೂ ಬಿಡಲಿಲ್ಲವಲ್ಲ ದೇವರು ಅಂತ ಗೊಳೋ ಎಂದು ಅತ್ತನಂತೆ.

ಅತ್ತು ಮುಗಿಸಿ ಒಂದು ಹಟ ಹಿಡಿದ. ನೀರು ಎಲ್ಲೆಲ್ಲಿ ಇರುತ್ತದೆ ಅಂತ ತಿಳಿದುಕೊಂಡರೆ ಅಲ್ಲಿ ತೋಡದೆ ಇರಬಹುದಲ್ಲ! ಪಕ್ಕದ ಊರಲ್ಲಿ ಬಾವಿ ತೋಡುವ ತಿಪ್ಪವ್ವ ಎಂಬುವಳಿದ್ದಳು, ಅವನ ಅರ್ಧ ವಯಸ್ಸಿನವಳು. ಅವಳ ಹತ್ತಿರ ಹೋಗಿ, ಕಲಿಸು ತಾಯಿ ಅಂದ. ಹೋದವನು ಸುಮ್ಮನಿರಬೇಕೋ ಬೇಡವೋ? ಮೊದಲ ದಿನವೇ ಅವಳಿಗೇ ಗುದ್ದಲಿ ಹಿಡಿಯುವುದು ಹೇಗೆಂದು ಹೇಳಲು ಹೋದ.

"ಅಜ್ಜಾ, ಮೊದಲ ಬಾಯಿ ಮುಚ್ಚು. ಆಮ್ಯಾಲ ಮಣ್ಣು ನೋಡು" ಅಂದಳಂತೆ ತಿಪ್ಪವ್ವ.

ಅರವತ್ತು ವರ್ಷದಲ್ಲಿ ಅವನಿಗೆ ಹಾಗೆ ಅಂದವರಿಲ್ಲ. ಸಿಟ್ಟಿನಿಂದ ಊರ ದಾರಿ ಹಿಡಿದನಂತೆ, ಅರ್ಧ ದಾರಿಯಿಂದ ತಿರುಗಿ ಬಂದನಂತೆ. ಬಂದು ಎರಡು ವರ್ಷ ಕಲಿತ. ಬೇಸಿಗೆಯಲ್ಲಿ ಯಾವ ಅತ್ತಿಮರ ಹಸಿರಾಗಿರುತ್ತದೆ, ಹುತ್ತ ಎಲ್ಲಿ ಏಳುತ್ತದೆ, ಮಟಮಟ ಮಧ್ಯಾಹ್ನ ಆಡುಗಳು ಎಲ್ಲಿ ಮಲಗುತ್ತವೆ, ಎಲ್ಲ ನೋಡಿಟ್ಟುಕೊಂಡ. ಮಣ್ಣನ್ನು ನಾಲಗೆಗಿಟ್ಟು ಚಪ್ಪರಿಸಿದ. ಗೊತ್ತಿಲ್ಲ ಅನ್ನುವ ಮಾತು ಅವನ ಬಾಯಲ್ಲಿ ಮೊದಲ ಸಲ ಬಂದದ್ದು ಆಗಲೇ ಅಂತಾರೆ. ಲಗಮವ್ವ ಅದನ್ನು ಕೇಳಿ ಹೆದರಿ, ಮೈಗೆ ಹುಷಾರಿಲ್ಲವೇನೋ ಅಂತ ಕಷಾಯ ಕಾಸಿದಳಂತೆ.

ಎರಡು ವರ್ಷವಾದ ಮೇಲೆ ಹೊಲದಲ್ಲೊಂದು ಜಾಗ ಗುರುತು ಮಾಡಿ ತೋಡಿದ. ಎದೆಮಟ್ಟ ಬಂತು, ಹನಿ ನೀರಿಲ್ಲ. ಸುಟ್ಟ ಸುಣ್ಣದಂಥ ಒಣ ಕುಣಿ! ಮಾಳಿಂಗಪ್ಪ ಅದರೊಳಗೆ ಕುಣಿದಾಡಿದ. ಈರಗೊಂಡಜ್ಜನಿಗೆ ಬೇರೆ ದಾರಿಯಿರಲಿಲ್ಲ, ಕಟ್ಟೆಯ ಮೇಲೆ ಸರಿದು ಜಾಗ ಬಿಟ್ಟ.

ಮೊದಲ ದಿನ ಮಾಳಿಂಗಪ್ಪನಿಗೆ ಸ್ವರ್ಗ. ಎರಡನೆಯ ದಿನ ಈರಗೊಂಡಜ್ಜ ತನ್ನ ಮೊಳಕಾಲು ನೋವಿನ ಕಥೆ ಹೇಳಿದ. ಮೂರನೆಯ ದಿನ ಅದೇ ಕಥೆಯನ್ನು ಎಡಗಾಲಿನಿಂದ ಶುರು ಮಾಡಿದ. ನಾಲ್ಕನೆಯ ದಿನ ಮಾಳಿಂಗಪ್ಪ ಕೂತಲ್ಲೇ ಕಟ್ಟೆಯ ಮಣ್ಣು ಕೆರೆದು ನಾಲಗೆಗಿಟ್ಟುಕೊಳ್ಳುತ್ತಿದ್ದನಂತೆ.

ಅಂದೇ ಗುಡ್ಡದಾಚೆಯ ಹಟ್ಟಿಯಿಂದ ನಾಲ್ವರು ಹೆಂಗಸರು ಬಂದರು. ಅವರ ಬಾವಿ ಕುಸಿದು ಹೋಗಿತ್ತು. ಕುರಿ, ಕೂಸು, ಎಲ್ಲ ಬಾಯಾರಿ ಕೂತಿದ್ದವು.

"ಅಜ್ಜಾ, ನೀ ಎಲ್ಲಿ ನಿನ್ನ ಕುಣಿ ತೋಡಂಗಿಲ್ಲೋ, ಅಷ್ಟು ತೋರ್ಸು ಸಾಕು. ಉಳಿದದ್ದು ನಾವು ನೋಡ್ಕೋತೀವಿ" ಅಂದರು.

ಮಾಳಿಂಗಪ್ಪ ಎದ್ದ. ಈರಗೊಂಡಜ್ಜ ಅಡ್ಡ ಕೋಲು ಹಿಡಿದ. ಕುಣಿ ತೋಡಿ ಕಟ್ಟೆ ಏರಿದವನು ಮತ್ತೆ ಕೆಲಸಕ್ಕೆ ಇಳಿದರೆ ಅವನಿಗೆ ಕಟ್ಟೆಯೂ ಇಲ್ಲ, ಕುಣಿಯೂ ಇಲ್ಲ ಎಂದ. ಒಬ್ಬರ ಕುಣಿಯನ್ನು ಇನ್ನೊಬ್ಬರು ತೋಡುವ ರೂಢಿಯಿಲ್ಲ, ಸತ್ತರೆ ನಿನ್ನ ಹೆಣ ಬಿಸಿಲಲ್ಲಿ ಒಣಗುತ್ತದೆ ಎಂದ. ಮಾಳಿಂಗಪ್ಪನಿಗೆ ಆ ಭಯ ನಿಜಕ್ಕೂ ಇತ್ತು. ಎರಡು ವರ್ಷ ಮಣ್ಣು ತಿಂದದ್ದು ಅದಕ್ಕೇ ತಾನೇ?

ಆದರೂ ನೆಟ್ಟಗೆ ಹೊಲಕ್ಕೆ ನಡೆದ. ಊರೇ ಹಿಂದೆ ಹೋಯಿತು. ಗುದ್ದಲಿ ತೆಗೆದುಕೊಂಡು, ಅಷ್ಟು ಕಷ್ಟಪಟ್ಟು ಸಂಪಾದಿಸಿದ ಆ ಒಣ ಕುಣಿಯನ್ನು ತಾನೇ ಮುಚ್ಚಿದ. ಮೇಲೆ ನಿಂತು ತುಳಿದು ಗಟ್ಟಿ ಮಾಡಿದ. ಲಗಮವ್ವ ರೊಟ್ಟಿ ಬುತ್ತಿ ತಂದುಕೊಟ್ಟು, ಹೋಗುವುದೇನೋ ಸರಿ, ತಲೆ ಬಗ್ಗಿಸಿ ಹೋಗಿ, ಹಟ್ಟಿಯ ಬಾಗಿಲು ಇನ್ನೂ ಗಿಡ್ಡ ಅಂದಳಂತೆ.

ಹೋದವನು ನಿಲ್ಲಲಿಲ್ಲ. ಹಟ್ಟಿ ಆಯಿತು, ಆಮೇಲೆ ಅದರಾಚೆಯ ಊರು, ಅದರಾಚೆಯದು. ಎಂಬತ್ತಕ್ಕೆ ಈಜು ಕಲಿತನಂತೆ, ತಾನೇ ತೋಡಿದ ಬಾವಿಗೆ ಬಿದ್ದ ಮೇಲೆ. ನೂರಾನಾಲ್ಕಕ್ಕೆ ಸತ್ತ ಅಂತಾರೆ, ಮಧ್ಯಾಹ್ನ ಉಂಡು ಮಲಗಿದವನು ಏಳಲಿಲ್ಲ.

ಆಗ ಪೇಚಾಟ ಶುರುವಾಯಿತು. ಕುಣಿ ಇಲ್ಲ. ಮಗ, ಮೊಮ್ಮಗ ತೋಡಲು ಹೋದರೆ ಕಟ್ಟೆಯವರು ರೂಢಿ ರೂಢಿ ಅಂತ ತಡೆದರು. ಈರಗೊಂಡಜ್ಜ ಎಂದೋ ಹೋಗಿದ್ದ, ಅವನ ಜಾಗದಲ್ಲಿ ಅವನ ಮಗನೇ ಅಜ್ಜನಾಗಿ ಕೂತಿದ್ದ. ಆಗ ಲಗಮವ್ವ, ಬೆನ್ನು ಬಾಗಿ ನೆಲ ನೋಡಿಕೊಂಡು ನಡೆಯುವವಳು, ಗುದ್ದಲಿ ಎಳೆದುಕೊಂಡು ಬಂದು ಕಟ್ಟೆಯ ಮುಂದೆ ಒಗೆದಳು.

"ನೀವು ಕುಡ್ಯಾಕತ್ತಿದ್ದು ಅವರು ತೋಡಿದ ನೀರು. ಏಳ್ರಿ."

ಮುದುಕರು ಕೋಲು ಊರಿಕೊಂಡು ಎದ್ದರು. ಸರದಿಯ ಮೇಲೆ ತೋಡಿದರು. ಉಸ್ಸು ಬುಸ್ಸು ಅಂದರು, ಬೈದಾಡಿದರು, ಒಬ್ಬನ ಪಂಚೆ ಬಿಚ್ಚಿಹೋಗಿ ಹೆಣದ ಮುಂದೆಯೇ ಎಲ್ಲರೂ ನಕ್ಕರು. ನೀರು ಬರಲಿಲ್ಲ. ಎಲ್ಲಿ ಬರುವುದಿಲ್ಲ ಅಂತ ಮಾಳಿಂಗಪ್ಪ ಮೊಮ್ಮಕ್ಕಳಿಗೆ ಹೇಳಿಕೊಟ್ಟಿದ್ದ. ಮಣ್ಣು ಕೊಟ್ಟು ಮನೆಗೆ ಹೋದ ಮುದುಕರಿಗೆ ಎಷ್ಟೋ ವರ್ಷಗಳ ಮೇಲೆ ಮೊದಲ ಸಲ ಹಸಿವಾಯಿತಂತೆ. ಮರುದಿನ ಕಟ್ಟೆ ಖಾಲಿ. ಒಬ್ಬ ತನ್ನ ಮಗನ ಹತ್ತಿರ ಕುರಿ ಉಣ್ಣೆ ಕತ್ತರಿಸುವುದನ್ನು ಕಲಿಯಲು ಕೂತಿದ್ದ, ಇನ್ನೊಬ್ಬ ಸೊಸೆಗೆ ಜೋಳ ಬೀಸಿಕೊಡುತ್ತಿದ್ದ.

ಅಂದಿನಿಂದ ಈ ಊರಲ್ಲಿ ಯಾರೂ ತಮ್ಮ ಕುಣಿ ತಾವು ತೋಡಿಕೊಳ್ಳುವುದಿಲ್ಲ. ಯಾರೇ ಸತ್ತರೂ ಅರವತ್ತು ದಾಟಿದವರೇ ಹೋಗಿ ತೋಡುತ್ತಾರೆ, ಹರೆಯದವರು ದೂರ ನಿಲ್ಲಬೇಕು. ಗುದ್ದಲಿ ಕೈಗೆ ಕೊಡುವಾಗ, ಈ ವರ್ಷ ಹೊಸದೇನು ಕಲಿತೆ ಅಂತ ಕೇಳುತ್ತಾರೆ. ಏನೂ ಇಲ್ಲ ಅಂದವನಿಗೆ ಗುದ್ದಲಿ ಸಿಗುವುದಿಲ್ಲ, ಬರೀ ಬುಟ್ಟಿ. ಹೋದ ವಾರ ನನ್ನನ್ನೂ ಕೇಳಿದರು. ಸೈಕಲ್ಲು ಅಂದೆ. ಅದಕ್ಕೇ ಈ ಮೊಳಕೈ ಹೀಗೆ ತರಚಿದೆ.