ಬನವ್ವ ಓದಿದ ಪತ್ರ

“ಗುರುಗಳೇ, ಅಕ್ಷರ ಕಲಿಸಿದವನಿಗೆ ಕೊನೆಗೆ ಏನು ದಕ್ಕುತ್ತದೆ?” ಎಂದು ರೇವಣ ಕೇಳಿದ.

ರೇವಣ ಮಠದ ಶಾಲೆಯಲ್ಲಿ ಚಿಕ್ಕ ಮಕ್ಕಳಿಗೆ ಅ ಆ ಇ ಈ ಕಲಿಸುವ ಶಿಷ್ಯ. ನಾಲ್ಕು ವರ್ಷದಿಂದ ಅದೇ ಕೆಲಸ. ಅವನ ಜೊತೆಯವರು ವ್ಯಾಕರಣ ಹೇಳುತ್ತಿದ್ದರು, ಶಾಸ್ತ್ರ ಹೇಳುತ್ತಿದ್ದರು. ಅವರ ವಿದ್ಯಾರ್ಥಿಗಳು ದೊಡ್ಡವರಾದ ಮೇಲೂ ದೂರದ ಊರುಗಳಿಂದ ಹಣ್ಣು ಹಿಡಿದುಕೊಂಡು ಬಂದು ಕಾಲಿಗೆರಗುತ್ತಿದ್ದರು. ರೇವಣನನ್ನು ಹುಡುಕಿಕೊಂಡು ಯಾರೂ ಬಂದಿರಲಿಲ್ಲ.

“ನಿನ್ನೆ ಒಂದು ಮಗು ಬೇವಿನ ಗಿಡದ ಕೆಳಗೆ ಓದುತ್ತ ಕೂತಿತ್ತು. ಹೋದ ವರ್ಷ ಮೂರು ತಿಂಗಳು ನನ್ನ ಜೀವ ತಿಂದ ಮಗು. ಹತ್ತಿರ ಹೋಗಿ ನಿಂತೆ. ಅದು ತಲೆ ಎತ್ತಲಿಲ್ಲ. ನನಗೆ ಸಂತೋಷವಾಗಬೇಕಿತ್ತು. ಆಗಲಿಲ್ಲ, ಸಂಕಟವಾಯಿತು” ಎಂದ.

ಗುರುಗಳು ಮೊರದಲ್ಲಿ ಜೋಳ ಹಸನು ಮಾಡುತ್ತಿದ್ದರು. ಮೊರವನ್ನು ಸ್ವಲ್ಪ ಅವನ ಕಡೆಗೆ ಸರಿಸಿದರು. “ಕೂತುಕೋ. ಕಲ್ಲು ಆರಿಸುತ್ತ ಕೇಳು” ಎಂದು ಈ ಕತೆ ಹೇಳಿದರು.

ಒಂದು ನೇಕಾರರ ಊರು. ಮನೆಮನೆಯಲ್ಲೂ ಮಗ್ಗ. ಬೆಳಗಾದರೆ ಸದ್ದು ಶುರುವಾಗುತ್ತಿತ್ತು, ದೀಪ ಹಚ್ಚುವ ತನಕ ನಿಲ್ಲುತ್ತಿರಲಿಲ್ಲ. ಆ ಸದ್ದಿನಲ್ಲಿ ಒಬ್ಬರ ಮಾತು ಒಬ್ಬರಿಗೆ ಕೇಳಿಸದು. ಹಾಗಾಗಿ ಆ ಊರಿನವರಿಗೆ ಒಂದು ರೂಢಿ ಬೆಳೆದಿತ್ತು. ಯಾರು ಮಾತನಾಡಿದರೂ ಅವರ ಬಾಯಿ ನೋಡುವರು. ತುಟಿ ಅಲ್ಲಾಡಿದ್ದರಲ್ಲೇ ಮುಕ್ಕಾಲು ಮಾತು ತಿಳಿಯುವುದು. ಆ ಊರಿನ ಕೂಸುಗಳು ಹುಟ್ಟಿದ ಮೂರನೆಯ ದಿನಕ್ಕೇ ತಾಯಿಯ ತುಟಿ ನೋಡುತ್ತವೆ ಎಂದು ಪಕ್ಕದ ಊರಿನವರು ಚೇಷ್ಟೆ ಮಾಡುತ್ತಿದ್ದರು.

ಆ ಊರಿನ ಶಾಲೆಗೆ ಒಬ್ಬ ಮಾಸ್ತರ ಬಂದ. ವಯಸ್ಸು ಚಿಕ್ಕದು, ದನಿ ದೊಡ್ಡದು. ದನಿ ಇಂಪಾಗಿಯೂ ಇತ್ತು. ಅದು ಊರಿಗೆ ತಿಳಿಯುವ ಮೊದಲೇ ಅವನಿಗೆ ತಿಳಿದಿತ್ತು. ಅವನು ಪುಸ್ತಕದ ಒಂದು ಸಾಲನ್ನು ರಾಗವಾಗಿ ಹೇಳುವನು, ಮಕ್ಕಳು ಅದನ್ನು ಹಾಗೇ ತಿರುಗಿ ಹೇಳುವರು. ಮಕ್ಕಳ ಮುಂದೆ ಪುಸ್ತಕ ತೆರೆದಿರುತ್ತಿತ್ತು. ಸಾಲಿನ ಮೇಲೆ ಬೆರಳು ಇರುತ್ತಿತ್ತು. ಪಾಠ ಮುಗಿದಾಗ ನಲವತ್ತು ಹಾಳೆಗಳು ಒಟ್ಟಿಗೆ ಮಗುಚಿಕೊಳ್ಳುತ್ತಿದ್ದವು. ಮೂರು ತಿಂಗಳಲ್ಲಿ ಮೊದಲನೆಯ ಪುಸ್ತಕ ಮುಗಿಯಿತು. ಊರವರು ಕಿಟಕಿಯಲ್ಲಿ ನಿಂತು ಕೇಳಿ ತಲೆದೂಗಿದರು. ಮಾಸ್ತರ ಹಿಗ್ಗಿ ಹೀರೇಕಾಯಿಯಾದ.

ಆ ಮಕ್ಕಳಲ್ಲಿ ಬನವ್ವ ಎಂಬ ಹುಡುಗಿ ಇದ್ದಳು. ಆರು ವರ್ಷ. ತಂದೆ ಇಲ್ಲ. ತಾಯಿ ರಾಟೆಯ ಮುಂದೆ ಕೂತು ನೇಕಾರರಿಗೆ ನೂಲು ಸುತ್ತಿಕೊಡುತ್ತಿದ್ದಳು. ಬನವ್ವನಿಗೆ ಮೂರು ವರ್ಷವಿದ್ದಾಗ ತಂದೆ ಬೇರೆ ಊರಿಗೆ ನೇಯಲು ಹೋಗಿದ್ದ. ಅಲ್ಲಿ ಜ್ವರ ಬಂದು ತೀರಿಕೊಂಡ. ಸತ್ತ ಸುದ್ದಿ ಮೊದಲು ಬಂತು. ಎಂಟು ದಿನದ ಮೇಲೆ ಅವನು ಬರೆದ ಪತ್ರ ಬಂತು.

ಅವನಿಗೆ ಬರೆಯಲು ಬರುತ್ತಿತ್ತು, ಹೆಂಡತಿಗೆ ಓದಲು ಬರುತ್ತಿರಲಿಲ್ಲ. ಓದಿ ಹೇಳುತ್ತೇವೆಂದು ಬಂದವರು ಹಲವರು. ಅವಳು ಯಾರ ಕೈಗೂ ಕೊಡಲಿಲ್ಲ. ಓದಿದವರ ಬಾಯಲ್ಲಿ ಆ ಮಾತು ಉಳಿದುಬಿಡುತ್ತದೆ, ನಾಳೆ ಬೀದಿಯಲ್ಲಿ ಎದುರಾದರೆ ನನ್ನ ಗಂಡನ ಮಾತು ಅವರ ಬಾಯಲ್ಲಿದೆ ಎಂದೇ ನನಗೆ ಕಾಣುತ್ತದೆ ಎನ್ನುತ್ತಿದ್ದಳು. ಪತ್ರವನ್ನು ಒಡೆಯದೆ ಮದುವೆಯ ಸೀರೆಯ ಮಡಿಕೆಯಲ್ಲಿಟ್ಟಳು. ಮಗಳು ದೊಡ್ಡವಳಾಗಲಿ, ಅವಳು ಓದಲಿ ಎಂದು ಕಾದಳು. ಅವಳಿಗೆ ಉಳಿದಿದ್ದ ಆಸೆ ಅದೊಂದೇ.

ಒಂದು ದಿನ ಅವಳೂ ಶಾಲೆಯ ಕಿಟಕಿಯಲ್ಲಿ ನಿಂತು ಕೇಳಿದಳು. ಬನವ್ವ ಮೊದಲ ಪುಟದಿಂದ ಕೊನೆಯ ಪುಟದವರೆಗೆ ಎಲ್ಲೂ ತಡೆಯದೆ ಓದಿದಳು. ಮರುದಿನ ತಾಯಿ ತಲೆಗೆ ನೀರು ಹಾಕಿಕೊಂಡು, ಒಗೆದ ಸೀರೆ ಉಟ್ಟು, ಪತ್ರ ಹಿಡಿದುಕೊಂಡು ಶಾಲೆಗೆ ಬಂದಳು. ಉಳಿದ ಮಕ್ಕಳು ಊಟಕ್ಕೆ ಹೋಗಿದ್ದರು, ಬನವ್ವ ತಾಯಿಗಾಗಿ ಕಾದು ಕೂತಿದ್ದಳು.

“ಮಾಸ್ತರ್ರ, ನಮ್ಮ ಬನವ್ವಗ ಓದಾಕ ಬಂತೇನ್ರಿ? ಅವರಪ್ಪನ ಪತ್ರ ಐತ್ರಿ.”

“ಪತ್ರ ಯಾವ ಲೆಕ್ಕ ಬಿಡವಾ. ಪುರಾಣ ಕೊಟ್ಟರೂ ಓದತಾಳ” ಎಂದ ಮಾಸ್ತರ.

ಮಗಳನ್ನು ಮನೆಗೆ ಕರೆದುಕೊಂಡು ಹೋಗಿ ಓದಿಸಬೇಕೆಂದು ತಾಯಿಯ ಮನಸ್ಸಿನಲ್ಲಿತ್ತು. ಇಲ್ಲೇ ಓದಲಿ ಎಂದು ಮಾಸ್ತರ ಅಂದ. ತನ್ನ ಪಾಠದ ಫಲವನ್ನು ತನ್ನ ಕಣ್ಣಿಂದಲೇ ನೋಡುವ ಆಸೆ ಅವನಿಗೆ. ಮಾಸ್ತರನ ಮಾತು ಮೀರುವುದು ಹೇಗೆ? ತಾಯಿ ಲಕೋಟೆ ಒಡೆದು ಹಾಳೆಯನ್ನು ಮಗಳ ಕೈಗೆ ಕೊಟ್ಟಳು.

ಬನವ್ವ ಹಾಳೆ ಬಿಡಿಸಿದಳು. ಕಲಿಸಿದ್ದ ಹಾಗೆ ಮೊದಲ ಸಾಲಿನ ಮೇಲೆ ಬೆರಳಿಟ್ಟಳು. ಆಮೇಲೆ ತಲೆ ಎತ್ತಿ ಮಾಸ್ತರನ ಬಾಯಿ ನೋಡಿದಳು.

ಮಾಸ್ತರ ಸುಮ್ಮನಿದ್ದ. ಬನವ್ವ ಕಾದಳು. ಮೊದಲು ಅವನು ಹೇಳಬೇಕು, ಆಮೇಲೆ ತಾನು ಹೇಳಬೇಕು, ಓದುವುದೆಂದರೆ ಅದೇ ಎಂದು ಆ ಮಗು ತಿಳಿದಿತ್ತು. ಅವನು ಏನೂ ಹೇಳದಿದ್ದಾಗ, ಮರೆತಿರಬೇಕು ಎಂದುಕೊಂಡು ತಾನೇ ಶುರು ಮಾಡಿದಳು. ಬೆರಳು ಪತ್ರದ ಸಾಲಿನ ಮೇಲೆ ಸರಿಯುತ್ತಿತ್ತು. ಬಾಯಿಂದ ಪುಸ್ತಕದ ಮೊದಲ ಪಾಠ ರಾಗವಾಗಿ ಬರುತ್ತಿತ್ತು. ಆಕಳು ಬಂತು, ಆಕಳು ನೀರು ಕುಡಿಯಿತು, ಆಕಳು ಮನೆಗೆ ಹೋಯಿತು.

ಆ ಪಾಠವನ್ನು ತಾಯಿ ಕಿಟಕಿಯಲ್ಲಿ ಕೇಳಿದ್ದಳು. ಮಗಳು ಮುಗಿಸುವ ತನಕ ಕಾದು, ತಲೆ ಸವರಿ, ಹಾಳೆಯನ್ನು ಮೆಲ್ಲಗೆ ತೆಗೆದುಕೊಂಡು ಮಡಿಸಿದಳು.

ಮಾಸ್ತರನಿಗೆ ನೆಲ ಬಿರಿದು ತನ್ನನ್ನು ನುಂಗಬಾರದೇ ಎನ್ನಿಸಿತು. ನಾನೇ ಓದಿ ಹೇಳುತ್ತೇನೆ ಎಂದು ಕೈ ಚಾಚಿದ. ಅವಳು ಬೈಯಲಿಲ್ಲ. ಬೈದಿದ್ದರೆ ಅವನಿಗೆ ಎಷ್ಟೋ ಹಗುರವಾಗುತ್ತಿತ್ತು.

“ಬ್ಯಾಡ್ರಿ ಮಾಸ್ತರ್ರ. ಮೂರು ವರ್ಷ ಕಾದೀನಿ. ಆಕಿಗೆ ಬಂದ ಮ್ಯಾಲ ಓದತಾಳ” ಎಂದು ಹೇಳಿ ಹೋದಳು.

ಆ ದಿನ ಮಧ್ಯಾಹ್ನ ಅವನು ಒಂದೊಂದೇ ಮಗುವನ್ನು ಕರೆದು, ಪುಸ್ತಕದ ನಡುವೆ ಎಲ್ಲೋ ಒಂದು ಶಬ್ದ ತೋರಿಸಿ ಓದು ಎಂದ. ನಲವತ್ತು ಮಕ್ಕಳೂ ತಲೆ ಎತ್ತಿ ಅವನ ಬಾಯಿ ನೋಡಿದವು. ಮೂರು ತಿಂಗಳು ಆ ಶಾಲೆಯಲ್ಲಿ ಓದಿದವನು ಒಬ್ಬನೇ, ಅದು ಅವನೇ.

ಮರುದಿನದಿಂದ ಪುಸ್ತಕಗಳನ್ನು ಕಟ್ಟಿಟ್ಟ. ನೆಲದ ಮೇಲೆ ಮರಳು ಹರಡಿಸಿದ. ಬೆಳಿಗ್ಗೆ ಒಂದು ಅಕ್ಷರ ಬರೆದು ಅದರ ಸದ್ದನ್ನು ಒಮ್ಮೆ ಹೇಳುತ್ತಿದ್ದ. ಆಮೇಲೆ ಹೆಗಲ ವಸ್ತ್ರ ತೆಗೆದು ಬಾಯಿಗೆ ಕಟ್ಟಿಕೊಳ್ಳುತ್ತಿದ್ದ. ಬನವ್ವನ ‘ಬ’ ಮರಳಲ್ಲಿ ಬರೆದ ‘ಬುಟ್ಟಿ’ಯಲ್ಲಿ ಎಲ್ಲಿದೆ, ‘ಬಟ್ಟೆ’ಯಲ್ಲಿ ಎಲ್ಲಿದೆ ಎಂದು ಮಕ್ಕಳೇ ಹುಡುಕಬೇಕು. ಹುಡುಕಲು ಇನ್ನು ಮರಳನ್ನೇ ನೋಡಬೇಕಿತ್ತು, ನೋಡಲು ಮಾಸ್ತರನ ಬಾಯಿ ಇರಲಿಲ್ಲ.

ಮಾಸ್ತರನಿಗೆ ಹಲ್ಲುನೋವು ಎಂದು ಊರಲ್ಲಿ ಸುದ್ದಿಯಾಯಿತು. ಮೂರು ಮನೆಗಳಿಂದ ಲವಂಗ ಬಂತು. ನಿಜ ಸಂಗತಿ ತಿಳಿದ ಮೇಲೆ ನಕ್ಕರು. ನಗು ಮುಗಿದ ಮೇಲೆ ಗೊಣಗಿದರು. ಮೊದಲು ಪುಸ್ತಕವನ್ನೇ ಓದಿ ಬಿಸಾಡುತ್ತಿದ್ದ ಮಕ್ಕಳು ಈಗ ಒಂದು ಶಬ್ದಕ್ಕೆ ಅರ್ಧ ಗಳಿಗೆ ತಡವರಿಸುತ್ತವೆ, ಇದೆಂಥ ವಿದ್ಯೆ ಎಂದು ಇಬ್ಬರು ನೇಕಾರರು ತಮ್ಮ ಮಕ್ಕಳನ್ನು ಶಾಲೆ ಬಿಡಿಸಿ ಮಗ್ಗಕ್ಕೆ ಕೂರಿಸಿದರು. ಮಾಸ್ತರ ಅವರ ಮನೆಗೆ ಹೋಗಿ ಬೇಡಿಕೊಂಡ. ಒಬ್ಬ ಕಳಿಸಿದ, ಒಬ್ಬ ಕಳಿಸಲಿಲ್ಲ.

ಇದೆಲ್ಲ ಅವನಿಗೆ ಅಷ್ಟು ಕಷ್ಟವಾಗಲಿಲ್ಲ. ಕಷ್ಟವಾದದ್ದು ಬಾಯಿ ಮುಚ್ಚಿಕೊಂಡಿರುವುದು. ಒಂದು ಮಗು ಎರಡು ಅಕ್ಷರ ಕೂಡಿಸಿ ಮೂರನೆಯದಕ್ಕೆ ನಿಂತುಬಿಡುತ್ತಿತ್ತು. ಅದರ ಹಣೆ ಬೆವರುತ್ತಿತ್ತು, ಕಣ್ಣು ತುಂಬುತ್ತಿತ್ತು. ಆ ಶಬ್ದ ಅವನ ಬಾಯಲ್ಲಿ ಬಿಸಿತುಪ್ಪವಾಗುತ್ತಿತ್ತು, ನುಂಗಲಾರ, ಉಗುಳಲಾರ. ಒಂದು ಸಲ ಹೇಳಿಬಿಟ್ಟರೆ ಮಗು ನಗುತ್ತಿತ್ತು. ಅವನು ಹೇಳುತ್ತಿರಲಿಲ್ಲ. ಮಕ್ಕಳು ಹೋದ ಮೇಲೆ ಖಾಲಿ ಶಾಲೆಯಲ್ಲಿ ಕೂತು, ನಲವತ್ತು ಕೊರಳು ತನ್ನ ದನಿಯ ಹಿಂದೆ ಬರುತ್ತಿದ್ದ ದಿನಗಳನ್ನು ನೆನೆಯುತ್ತಿದ್ದ. ಆ ಸದ್ದಿಗಾಗಿ ಅವನ ಜೀವ ಹಂಬಲಿಸುತ್ತಿತ್ತು. ಹಂಬಲಿಸುತ್ತಲೇ ಬೆಳಿಗ್ಗೆ ಎದ್ದು ವಸ್ತ್ರ ಕಟ್ಟಿಕೊಳ್ಳುತ್ತಿದ್ದ.

ಆ ಪತ್ರ ಅವನ ಕಣ್ಣಿಗೆ ಬಿದ್ದದ್ದು ಒಂದು ಗಳಿಗೆ, ಅದೂ ತಲೆಕೆಳಗಾಗಿ. ಒಂದು ಶಬ್ದವನ್ನೂ ಓದಿರಲಿಲ್ಲ. ನೀಲಿ ಶಾಯಿ, ಎಡಕ್ಕೆ ವಾಲಿದ ಅಕ್ಷರ, ಇಷ್ಟೇ ಉಳಿದಿತ್ತು. ಅಚ್ಚಿನ ಅಕ್ಷರ ಕಲಿತವರಿಗೆ ಮನುಷ್ಯರ ಕೈಬರಹ ಓದಲು ಬರುವುದಿಲ್ಲ ಎಂದು ಅವನಿಗೆ ಹೊಳೆಯಿತು. ಮಕ್ಕಳಿಗೆ ತಮ್ಮ ತಮ್ಮ ಪಾಟಿಯ ಮೇಲೆ ಬರೆದು ಅದಲುಬದಲು ಮಾಡಿಕೊಂಡು ಓದಲು ಹೇಳಿದ. ತಾನು ಹಲಗೆಯ ಮೇಲೆ ಬರೆಯುವಾಗ ಅಕ್ಷರಗಳನ್ನು ಎಡಕ್ಕೆ ವಾಲಿಸಿ ಬರೆಯತೊಡಗಿದ. ಮಾಸ್ತರನ ಬರಹ ಕೆಟ್ಟಿತು ಎಂದರು ಊರವರು. ಕೆಡಲಿ ಎಂದುಕೊಂಡ.

ಬರಬರುತ್ತ ಅವನೂ ಆ ಪತ್ರಕ್ಕಾಗಿ ಕಾಯತೊಡಗಿದ. ಸಾಯುವ ಮೊದಲು ಒಬ್ಬ ನೇಕಾರ ಹೆಂಡತಿಗೆ ಏನು ಬರೆದಿರಬಹುದು? ಊಟಕ್ಕೆ ಕೂತಾಗ ಅದೇ ಯೋಚನೆ, ದಾರಿ ನಡೆಯುವಾಗ ಅದೇ ಯೋಚನೆ. ಅವನಿಗೆ ಪತ್ರ ಬರೆಯುವವರು ಯಾರೂ ಇರಲಿಲ್ಲ. ಬನವ್ವನ ತಾಯಿ ಬೀದಿಯಲ್ಲಿ ಎದುರಾದರೆ ಅವಳು ಏನೂ ಕೇಳುತ್ತಿರಲಿಲ್ಲ, ಅವನು ಏನೂ ಹೇಳುತ್ತಿರಲಿಲ್ಲ.

ಹೀಗೆ ಒಂದೂವರೆ ವರ್ಷವಾಯಿತು. ಒಂದು ದಿನ ಬನವ್ವ ಅಂಗಡಿಯಿಂದ ಬೆಲ್ಲ ತರುತ್ತಿದ್ದಳು. ಕಟ್ಟಿದ ಕಾಗದ ಯಾರದೋ ಹಳೆಯ ಪತ್ರದ ಚೂರು. ಅವಳು ನಡುಬೀದಿಯಲ್ಲಿ ನಿಂತು ಅದನ್ನು ಓದುತ್ತಿದ್ದಳು. ಮಾಸ್ತರ ಎದುರಿಗೆ ಬಂದು ನಿಂತ. ಬಾಯಿಗೆ ವಸ್ತ್ರವೂ ಇರಲಿಲ್ಲ. ಅವಳು ನೋಡಲಿಲ್ಲ. ಕಾಗದ ಹರಿದಲ್ಲಿಗೆ ಓದು ಮುಗಿಸಿ, ಮುಂದೆ ಏನಾಯಿತೆಂದು ತಿಳಿಯದೆ ಮುಖ ಸಣ್ಣದು ಮಾಡಿಕೊಂಡು ಮನೆಗೆ ಹೋದಳು.

ಬನವ್ವನಿಗೆ ಓದಲು ಬಂತು ಎಂದು ಮಾಸ್ತರ ಅಂದೇ ತಾಯಿಗೆ ಹೇಳಿ ಕಳಿಸಿದ. ನಾಳೆ ಮನೆಗೆ ಬರಬೇಕಂತೆ ಎಂದು ಉತ್ತರ ಬಂತು. ಮರುದಿನ ಅವನು ಮಡಿ ಧೋತರ ಉಟ್ಟು ಹೋದ. ಅಷ್ಟರಲ್ಲಿ ಅವಳು ಓಣಿಯ ಮನೆಮನೆಗೆ ಹೋಗಿ, ಸ್ವಲ್ಪ ಹೊತ್ತು ಮಗ್ಗ ನಿಲ್ಲಿಸಿರೆಂದು ಕೇಳಿಕೊಂಡು ಬಂದಿದ್ದಳು. ಅಮಾವಾಸ್ಯೆಯ ಹೊರತು ನಿಲ್ಲದ ಮಗ್ಗಗಳು ಅಂದು ನಟ್ಟನಡು ಹಗಲಲ್ಲಿ ನಿಂತವು. ಓಣಿಯಲ್ಲಿ ಗುಬ್ಬಿಯ ಸದ್ದು ಕೇಳಿಸುತ್ತಿತ್ತು.

ಅವಳು ಹೊರಗಿನ ಕಟ್ಟೆಯ ಮೇಲೆ ಕಂಬಳಿ ಹಾಸಿದಳು. ನೀರು, ಬೆಲ್ಲ ತಂದಿಟ್ಟು ಅವನ ಕಾಲು ಮುಟ್ಟಿದಳು.

“ನಿಮ್ಮ ಋಣ ಈ ಜನ್ಮದಾಗ ತೀರೂದಿಲ್ರಿ. ಇಲ್ಲೇ ಕೂತಿರ್ರಿ, ಓದಿ ಬರತೀವಿ.”

“ಆತವಾ” ಎಂದ ಮಾಸ್ತರ. ಬೇರೆ ಏನು ಹೇಳಬಹುದಿತ್ತು?

ಅವಳು ಮಗಳ ಕೈ ಹಿಡಿದು ಒಳಗೆ ಹೋಗಿ ಕದ ಮುಚ್ಚಿಕೊಂಡಳು. ಒಳಗಿಂದ ಹುಡುಗಿಯ ದನಿ ಬಂತು. ನಡೆಯಿತು, ನಿಂತಿತು, ಮತ್ತೆ ನಡೆಯಿತು. ದನಿ ಕೇಳುತ್ತಿತ್ತು, ಮಾತು ತಿಳಿಯುತ್ತಿರಲಿಲ್ಲ. ಎಲ್ಲೋ ಒಂದು ಕಡೆ ತಾಯಿ ನಕ್ಕಳು. ಆಮೇಲೆ ಹುಡುಗಿ ಮೊದಲಿನಿಂದ ಮತ್ತೆ ಓದಿದಳು. ಈ ಸಲ ನಿಂತದ್ದು ಕಡಿಮೆ. ಅಷ್ಟರಲ್ಲಿ ಓಣಿಯ ತುದಿಯಲ್ಲಿ ಒಂದು ಮಗ್ಗ ಶುರುವಾಯಿತು, ಅದರ ಹಿಂದೆ ಇನ್ನೊಂದು, ಮತ್ತೊಂದು. ಇನ್ನು ಕೇಳಿಸಲು ಏನೂ ಉಳಿಯಲಿಲ್ಲ. ಮಾಸ್ತರ ನೀರು ಕುಡಿದು, ಕಂಬಳಿ ಮಡಿಸಿಟ್ಟು, ಮನೆಗೆ ಹೋದ.

ಗುರುಗಳು ಕತೆ ನಿಲ್ಲಿಸಿ ಮೊರದ ಜೋಳ ಕೇರಿದರು.

“ಗುರುಗಳೇ, ಆ ಪತ್ರದಲ್ಲಿ ಏನಿತ್ತು?” ಎಂದು ರೇವಣ ಕೇಳಿದ.

“ಇವತ್ತಿಗೂ ಗೊತ್ತಿಲ್ಲ ರೇವಣಾ, ನಾನು ಹೊರಗೆ ಕಟ್ಟೆಯ ಮೇಲೆ ಕೂತಿದ್ದೆ.”