ದ್ಯಾಮಕ್ಕನ ಬೀಳು

ಕರೇಕಲ್ಲು ಗುಡ್ಡದ ಬುಡದಿಂದ ಹಿರೇಕೆರೆಯ ಅಂಚಿನವರೆಗೆ, ಎರಡು ಬದಿಯ ಮೆಕ್ಕೆಜೋಳದ ಹೊಲಗಳ ನಡುವೆ, ಈಗ ಯಾರೂ ನೇಗಿಲು ಹೂಡದ ಒಂದು ಪಟ್ಟಿ ನೆಲವಿದೆ. ಉದ್ದ ಒಂದು ಮೈಲಿಗೆ ತುಸು ಕಡಿಮೆ. ಮೊಣಕಾಲೆತ್ತರದ ಹುಲ್ಲು, ಕಾರೆಗಿಡ, ಅಲ್ಲಲ್ಲಿ ಜಾಲಿ. ಮಣ್ಣು ಮಾತ್ರ ಅಪ್ಪಟ ಕಪ್ಪು ಎರೆ. ಹೊಸಬರು ಯಾರೇ ಬರಲಿ, ಇಷ್ಟು ಒಳ್ಳೆಯ ಭೂಮಿಯನ್ನು ಯಾಕೆ ಹಾಗೇ ಬಿಟ್ಟಿದ್ದೀರಿ ಎಂದು ಕೇಳದೆ ಹೋಗುವುದಿಲ್ಲ. ನಾನು ಇಲ್ಲಿನ ಶಾಲೆಗೆ ಮಾಸ್ತರನಾಗಿ ಬಂದ ವರ್ಷ ಅದನ್ನೇ ಕೇಳಿದೆ. ಗುಡ್ಡದ ಗುಡಿಯ ಪೂಜಾರಿ ಓಬಣ್ಣನವರು, "ಅದು ದ್ಯಾಮಕ್ಕನ ಬೀಳು ಸ್ವಾಮಿ. ಉಳದೆ ಬಿಟ್ಟ ಹೊಲಕ್ಕೆ ನಾವು ಬೀಳು ಅಂತೀವಿ. ಅವಳು ಬಿಟ್ಟಳು, ನಾವು ಹಿಡಿದಿಲ್ಲ" ಎಂದರು. ಉಳಿದದ್ದನ್ನು ಅವರು ಹೇಳಿದ ಹಾಗೆಯೇ ಬರೆಯುತ್ತಿದ್ದೇನೆ.

ಹಿಂದೆ ಒಮ್ಮೆ ಈ ಸೀಮೆಯನ್ನು ಆಳುತ್ತಿದ್ದ ನಾಯಕನೊಬ್ಬ ಕರೇಕಲ್ಲು ಗುಡ್ಡವನ್ನು ದೇವರ ಹೆಸರಿಗೆ ಬಿಟ್ಟಿದ್ದನಂತೆ. ಅಲ್ಲಿ ಮರ ಕಡಿಯುವಂತಿಲ್ಲ, ಬೇಟೆಯಾಡುವಂತಿಲ್ಲ, ಕುರಿ ಹತ್ತಿಸುವಂತಿಲ್ಲ. ಗುಡ್ಡದ ಕಾವಲು ಒಂದೇ ಮನೆತನಕ್ಕೆ ಸೇರಿದ್ದು. ಆ ಮನೆಯ ಹಿರಿಯ ಮಗ ತೀರಿಕೊಂಡಾಗ ಅವನ ಹೆಂಡತಿ ದ್ಯಾಮಕ್ಕ ಕಾವಲಿನ ಕೋಲು ಹಿಡಿದಳು. ವರ್ಷಕ್ಕೊಮ್ಮೆ, ಯುಗಾದಿಯ ಮರುದಿನ, ನಾಯಕ ಗುಡಿಗೆ ಬರುತ್ತಿದ್ದ. ಅವನೆದುರು ದೀಪ ಮುಟ್ಟಿ, "ಗುಡ್ಡಕ್ಕೆ ಕೊಡಲಿ ತಾಗಿಲ್ಲ, ಗುಡ್ಡ ಕ್ಷೇಮ" ಎಂದು ಕಾವಲಿನವರು ಆಣೆ ಮಾಡಬೇಕು. ಹನ್ನೆರಡು ವರ್ಷ ದ್ಯಾಮಕ್ಕ ಆ ಮಾತನ್ನು ತಡವರಿಸದೆ ಹೇಳಿದಳು ಎನ್ನುತ್ತಾರೆ.

ಆ ಕಾಲಕ್ಕೆ ಗುಡ್ಡಕ್ಕೂ ಕೆರೆಗೂ ನಡುವೆ ಇದ್ದದ್ದು ಬರೀ ಹುಲ್ಲುಗಾವಲು. ಬೇಸಿಗೆಯಲ್ಲಿ ಗುಡ್ಡದ ಬಂಡೆಗಳ ಮೇಲೆ ನೀರು ನಿಲ್ಲುವ ದೊಣೆಗಳು ಬತ್ತಿದರೆ ಜಿಂಕೆ, ಕರಡಿ, ನವಿಲು ಎಲ್ಲವೂ ಹುಲ್ಲು ದಾಟಿ ಕೆರೆಗೆ ಇಳಿಯುತ್ತಿದ್ದವು. ಊರು ಬೆಳೆಯಿತು. ಉಣ್ಣುವ ಬಾಯಿ ಹೆಚ್ಚಾದಾಗ ನಾಯಕ ಹುಲ್ಲುಗಾವಲನ್ನು ಅಳೆಸಿ ಹಂಚಿದ. ಗುಡ್ಡದ ಬುಡದ ಹೊಲ ಕಾವಲಿನವಳಿಗೇ ಸಿಕ್ಕಿತು. ಅದಕ್ಕೆ ತಾಗಿ ಕೆರೆಯವರೆಗಿನದು ಅವಳ ಮೈದುನ ಬಯ್ಯಣ್ಣನಿಗೆ. ದ್ಯಾಮಕ್ಕ ಸಂತೋಷದಿಂದಲೇ ಉತ್ತಳು. ಸಜ್ಜೆ ಬಿತ್ತಿದಳು. ಬೆಳೆಯನ್ನು ಜಿಂಕೆ ಮೇಯದಂತೆ ಎದೆಮಟ್ಟ ಮುಳ್ಳುಬೇಲಿ ಕಟ್ಟಿದಳು. ಎಲ್ಲರೂ ಕಟ್ಟಿದರು. ಅದರಲ್ಲಿ ಯಾರದೂ ತಪ್ಪಿರಲಿಲ್ಲ, ಗುಡ್ಡದ ಒಂದು ಕಡ್ಡಿಯನ್ನೂ ಯಾರೂ ಮುಟ್ಟಿರಲಿಲ್ಲ.

ನಾಲ್ಕು ವರ್ಷ ಕಣ ತುಂಬಿತು. ಐದನೆಯ ವರ್ಷ ಶಿವರಾತ್ರಿ ಕಳೆದ ಮೇಲೆ ಒಂದು ಬೆಳಗ್ಗೆ ದ್ಯಾಮಕ್ಕ ಹೊಲಕ್ಕೆ ಹೋದಾಗ ಬೇಲಿಯಲ್ಲಿ ಒಂದು ಜಿಂಕೆ ಸಿಕ್ಕಿಕೊಂಡು ಸತ್ತಿತ್ತು. ಬಸುರಿ ಜಿಂಕೆ. ಮೂತಿ ಕೆರೆಯ ಕಡೆಗಿತ್ತು. ಅವಳು ಅದನ್ನು ಮಣ್ಣು ಮಾಡಿದಳು. ಮನೆಗೆ ಹೋಗದೆ ಗುಡ್ಡ ಹತ್ತಿದಳು. ದಿನಾ ಕಾಯುತ್ತಿದ್ದದ್ದು ಗುಡ್ಡದ ಸುತ್ತು, ಕೊಡಲಿಯವರು ಬರುವ ದಾರಿ. ಮೇಲಿನ ಬಂಡೆಗಳ ನಡುವೆ ಹೋಗಿ ಎಷ್ಟೋ ಕಾಲವಾಗಿತ್ತು. ಒಣಗಿದ ದೊಣೆಗಳ ಪಕ್ಕ ಮೂಳೆಗಳು ಬಿದ್ದಿದ್ದವು. ಮರಗಳೆಲ್ಲ ನಿಂತೇ ಇದ್ದವು, ನೆರಳಲ್ಲಿ ಒಂದು ಹಿಕ್ಕೆಯೂ ಇರಲಿಲ್ಲ. ಮೂರು ದಿನ ಸುತ್ತಿದಳು. ಕಂಡದ್ದು ಎರಡು ನವಿಲು ಮಾತ್ರ.

ಯುಗಾದಿಯ ಮರುದಿನ ನಾಯಕ ಬಂದ. ದೀಪ ತಂದಿಟ್ಟರು. ದ್ಯಾಮಕ್ಕ ಕೈ ಚಾಚಲಿಲ್ಲ.

"ಕೊಡಲಿ ತಾಗಿತೇನು?" ಎಂದು ನಾಯಕ ಕೇಳಿದ.

"ಇಲ್ಲ ಬುದ್ಧಿ."

"ಮತ್ತೆ ಆಣೆ ಮಾಡು."

"ಅರ್ಧ ಆಣೆ ಮಾಡ್ತೀನಿ ಬುದ್ಧಿ. ಗುಡ್ಡ ಕ್ಷೇಮ ಅನ್ನೋ ಮಾತು ನನ್ನ ಬಾಯಿಗೆ ಬರಲ್ಲ."

"ಯಾರು ಕೆಡಿಸಿದವರು? ಹೆಸರು ಹೇಳು."

"ಮೊದಲ ಹೆಸರು ನಂದೇ ಬುದ್ಧಿ. ಗುಡ್ಡಾನ ಯಾರೂ ಮುಟ್ಟಲಿಲ್ಲ. ಸುತ್ತ ಇರೋದನ್ನೆಲ್ಲ ನಾವು ಉತ್ತಿವಿ. ನೀರಿಗೆ ದಾರಿ ಇಲ್ಲದೆ ಒಳಗಿದ್ದವು ಸತ್ತವು."

ನೆರೆದವರು ಗೊಣಗಿದರು. ನಾಯಕ, ಕೊಟ್ಟ ನೆಲವನ್ನು ಕಿತ್ತುಕೊಳ್ಳಲಾರೆ, ನಿನ್ನದನ್ನು ನೀನು ಬಿಟ್ಟರೆ ಬೇಡ ಎನ್ನುವುದೂ ಇಲ್ಲ ಎಂದನಂತೆ. ಅಂದೇ ದ್ಯಾಮಕ್ಕ ತನ್ನ ಬೇಲಿ ಕಿತ್ತು ಸುಟ್ಟಳು. ಆದರೆ ಅವಳ ಹೊಲ ಮುಗಿದಲ್ಲಿ ಬಯ್ಯಣ್ಣನ ಬೇಲಿ ಇತ್ತು. ಅದು ತೆರೆಯದೆ ನೀರು ಸಿಗುವಂತಿರಲಿಲ್ಲ. ಅವಳು ಹೋಗಿ ಕೇಳಿದಾಗ ಅವನು ಕೂಗಾಡಲಿಲ್ಲ. "ಅತ್ತಿಗೆ, ಜಿಂಕೆಗೆ ದಾರಿ ಬೇಕು, ಒಪ್ಪಿದೆ. ನನ್ನ ನಾಕು ಮಕ್ಕಳು ಏನು ತಿನ್ನಬೇಕು?" ಎಂದ. ಅವಳು ಎದ್ದು ಬಂದಳು.

ಅವಳಿಗೆ ಉಳಿದಿದ್ದದ್ದು ಊರ ಪಕ್ಕದ ಬಾವಿಹೊಲ ಒಂದೇ. ಮಗಳು ಕೆಂಚಿಗೆ ಮನೆಯಳಿಯನನ್ನು ತಂದು ಅದನ್ನು ಕೊಡಬೇಕೆಂದಿದ್ದಳು. ಎಂಟು ದಿನ ಯೋಚಿಸಿ ಅದನ್ನು ಬಯ್ಯಣ್ಣನಿಗೆ ಬಿಟ್ಟುಕೊಟ್ಟು ಕೆರೆಯವರೆಗಿನ ಅವನ ಎರೆಹೊಲ ಪಡೆದು ಅದರ ಬೇಲಿಯನ್ನೂ ಕಿತ್ತಳು. ಕೆಂಚಿ, "ಗುಡ್ಡದ ಮೃಗ ನಿನಗೆ ಮಕ್ಕಳಾದವು, ನಾನು ಯಾರು?" ಎಂದು ಅತ್ತಳಂತೆ. ದ್ಯಾಮಕ್ಕ ಅವಳ ತಲೆ ಬಾಚುತ್ತಾ ಕೂತಳು. ಆಮೇಲೆ ತಾಯಿ ಮಗಳು ಇಬ್ಬರೂ ಪರರ ಹೊಲದಲ್ಲಿ ಕಳೆ ಕಿತ್ತು ಬದುಕಿದರು.

ಮೊದಲ ವರ್ಷ ಬೀಳಿನಲ್ಲಿ ಬರೀ ಕಳೆ ಎದ್ದಿತು. ಎರಡನೆಯ ವರ್ಷ ಹುಲ್ಲು ಬಂತು, ಮೃಗ ಬರಲಿಲ್ಲ. ಊರವರು ನಕ್ಕರು. ಆ ಎರಡು ಯುಗಾದಿಗೂ ದ್ಯಾಮಕ್ಕ ಅರ್ಧ ಆಣೆಯನ್ನೇ ಮಾಡಿದಳು. ಮೂರನೆಯ ಬೇಸಿಗೆಯಲ್ಲಿ ನೀರಿಗೆ ಹೋದ ಕೆಂಚಿ ಕೊಡ ಅಲ್ಲೇ ಬಿಟ್ಟು ಓಡಿಬಂದು, "ಅವ್ವಾ, ಆರು ಜಿಂಕೆ ಅದಾವೆ. ಒಂದು ಮರಿ" ಎಂದಳು. ತಾಯಿಗಿಂತ ಮುಂದೆ ಓಡಿ ತೋರಿಸಿದವಳೂ ಅವಳೇ. ಹೋದದ್ದೆಲ್ಲ ಮರಳಲಿಲ್ಲ. ಕರಡಿ ಆ ಗುಡ್ಡಕ್ಕೆ ಮತ್ತೆ ಬರಲೇ ಇಲ್ಲ ಎನ್ನುತ್ತಾರೆ. ಅದಕ್ಕೇ ದ್ಯಾಮಕ್ಕ ಸಾಯುವವರೆಗೂ ಪೂರ್ತಿ ಆಣೆ ಮಾಡಲಿಲ್ಲವಂತೆ. "ಗುಡ್ಡ ಉಸಿರಾಡ್ತೈತೆ ಬುದ್ಧಿ" ಎಂದಷ್ಟೇ ಹೇಳುತ್ತಿದ್ದಳು.

ಈಗ ಬಂದವರು ಸಂಜೆ ಐದರ ಹೊತ್ತಿಗೆ ಕೆರೆಯ ಏರಿಯ ಮೇಲೆ ಕೂತರೆ ಜಿಂಕೆಗಳು ಸಾಲಾಗಿ ಇಳಿಯುವುದನ್ನು ನೋಡಬಹುದು. ಪಟ್ಟಿಯ ಅಗಲ ಎಲ್ಲ ಕಡೆ ಒಂದೇ ಸಮ ಇಲ್ಲ. ನಡುವೆ ಒಂದು ಕಡೆ ಎರಡು ಬದಿಯ ಹೊಲಗಳೂ ವರ್ಷಕ್ಕೊಂದು ಗೇಣು ಒತ್ತಿ ಬಂದು, ಈಗ ಎತ್ತಿನ ಗಾಡಿ ಹೋಗುವಷ್ಟೇ ಜಾಗ ಉಳಿದಿದೆ. ಅಗಲವಾದ ಕಡೆ ಜಿಂಕೆಗಳು ನಿಂತು ಮೇಯುತ್ತವೆ, ಆ ಇಕ್ಕಟ್ಟಿನಲ್ಲಿ ಮಾತ್ರ ಓಡುತ್ತವೆ.